ಡಿಸ್ಚಾರ್ಜ್ ಆದಮೇಲಿನ ಬಿಲ್: ಮನೆ ಆರೈಕೆಯ ಲೆಕ್ಕ ಬರೆದು ಹಂಚಿಕೊಳ್ಳುವ ಬಗೆ

ಲಕ್ವ ಹೊಡೆದ ಅಮ್ಮನನ್ನು ಹದಿನೈದು ದಿನದ ಮೇಲೆ ಮನೆಗೆ ಕರೆತಂದಾಗ ಆಸ್ಪತ್ರೆಯ ಬಿಲ್ ಮುಗಿದಿರುತ್ತದೆ, ಕೆಲಸ ಮುಗಿದಿರುವುದಿಲ್ಲ. ಅಲ್ಲಿ ನರ್ಸ್, ಆಯಾ ಪಾಳಿಯ ಮೇಲೆ ಮಾಡುತ್ತಿದ್ದುದೆಲ್ಲ ಮನೆಯ ಒಬ್ಬರ ಪಾಲಿಗೆ ಬರುತ್ತದೆ. ಆ ಒಬ್ಬರು ಬಹುಪಾಲು ಸೊಸೆ, ಇಲ್ಲವೇ ಮದುವೆಯಾಗದ ಮಗಳು, ಇಲ್ಲವೇ ಎಪ್ಪತ್ತು ದಾಟಿದ ಹೆಂಡತಿ. ಔಷಧಿ ಅಂಗಡಿಯ ಚೀಟಿಗಳನ್ನು ಕೂಡಿಸಿ ಮಕ್ಕಳು ಸಮನಾಗಿ ಹಂಚಿಕೊಂಡು, ಅಮ್ಮನ ಖರ್ಚು ಎಲ್ಲರೂ ನೋಡಿಕೊಳ್ಳುತ್ತಿದ್ದೇವೆ ಎನ್ನುತ್ತಾರೆ. ಅತಿ ದೊಡ್ಡ ಖರ್ಚು ಆ ಚೀಟಿಗಳಲ್ಲಿ ಇರುವುದೇ ಇಲ್ಲ.

ಸರ್ಕಾರದ ಲೆಕ್ಕದಲ್ಲೂ ಇಲ್ಲ. 2021–22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39.4 ಜನ ಕೈಯಿಂದ ಕೊಟ್ಟದ್ದು. ಅದು ದುಡ್ಡು ಮಾತ್ರ. ಮನೆಯವರ ದುಡಿಮೆ ಅದರಲ್ಲಿ ಸೇರಿಲ್ಲ. ದುಡಿಮೆ ಎಷ್ಟೆಂದು ನೋಡಲು 2019ರ ಸಮಯ ಬಳಕೆ ಸಮೀಕ್ಷೆಗೆ ಹೋಗಬೇಕು. ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 134 ನಿಮಿಷ, ಗಂಡಸರು 76 ನಿಮಿಷ ಸಂಬಳವಿಲ್ಲದೆ ಕೊಟ್ಟಿದ್ದಾರೆ. ಅಡುಗೆ, ಕಸ, ಬಟ್ಟೆಯಂಥ ಮನೆಗೆಲಸ ಇದಕ್ಕೆ ಹೊರತು. ಅದರಲ್ಲಿ ಹೆಂಗಸರ 299 ನಿಮಿಷಕ್ಕೆ ಗಂಡಸರದು 97. ಇದು ಎಲ್ಲ ಬಗೆಯ ಮನೆಗಳ ಸರಾಸರಿ. ಹಾಸಿಗೆ ಹಿಡಿದವರಿರುವ ಮನೆಯ ಲೆಕ್ಕ ಎಲ್ಲಿಗೆ ಹೋಗುತ್ತದೆಂದು ಮುಂದೆ ಕೂಡಿಸಿ ತೋರಿಸಿದ್ದೇವೆ.

ಮೂಗಿನ ನಳಿಕೆಯಲ್ಲಿ ಊಟ, ಡೈಪರ್, ಎದ್ದು ಕೂರಲಾಗದ ಸ್ಥಿತಿ, ಮೂವರು ಮಕ್ಕಳು: ಉದಾಹರಣೆಗೆ ಇದನ್ನು ಇಟ್ಟುಕೊಂಡಿದ್ದೇವೆ. ನಿಮ್ಮ ಮನೆಗೆ ತಕ್ಕಂತೆ ಅಂಕಿ ಬದಲಿಸಿಕೊಳ್ಳಿ, ಕ್ರಮ ಇದೇ ಇರಲಿ.

ವಾರ್ಡಿನಲ್ಲೇ ಶುರು ಮಾಡಿ

"ರೋಗಿ ಕಡೆಯವರು ಯಾರು?" ಎಂದು ವಾರ್ಡಿನ ಬಾಗಿಲಲ್ಲಿ ಕೂಗಿದಾಗ ಎದ್ದು ಹೋಗುವವರ ಕೆಲಸವೂ ಆರೈಕೆಯೇ. ರಕ್ತದ ಮಾದರಿ ಲ್ಯಾಬಿಗೆ ಒಯ್ಯುವುದು, ಔಷಧಿ ತರುವುದು, ಸ್ಟ್ರೆಚರ್‌ಗೆ ಕೈ ಕೊಡುವುದು, ರಾತ್ರಿ ನೆಲದ ಮೇಲೆ ಚಾಪೆ ಹಾಸಿ ಮಲಗುವುದು. ಯಾವ ದಿನ ಯಾರಿದ್ದರು, ಹಗಲೋ ರಾತ್ರಿಯೋ ಎಂದು ಒಂದು ಸಾಲು ಬರೆದಿಡಿ. ಅಲ್ಲಿಂದಲೇ ಲೆಕ್ಕ ಶುರು.

ಡಿಸ್ಚಾರ್ಜ್‌ಗೆ ಎರಡು ದಿನ ಮೊದಲು ಮೂರು ಕೆಲಸ ಮುಗಿಸಿಕೊಳ್ಳಿ. ಮೊದಲನೆಯದು ತರಬೇತಿ. ನಳಿಕೆಯಲ್ಲಿ ಊಟ ಕೊಡುವುದು, ಮಗ್ಗುಲು ತಿರುಗಿಸುವುದು, ಡೈಪರ್ ಬದಲಿಸುವುದು, ಕ್ಯಾತಿಟರ್ (ಮೂತ್ರದ ನಳಿಕೆ) ಇದ್ದರೆ ಅದರ ಚೀಲ ಖಾಲಿ ಮಾಡುವುದು, ಇವನ್ನು ನರ್ಸ್ ಮಾಡಿ ತೋರಿಸಿದರೆ ಸಾಲದು. ಅವರ ಎದುರು ನೀವು ಮಾಡಿ ತೋರಿಸಿ. ಮುಖ್ಯ ವಿಷಯ, ಇದನ್ನು ಕನಿಷ್ಠ ಇಬ್ಬರು ಕಲಿಯಬೇಕು, ಅವರಲ್ಲೊಬ್ಬರು ಗಂಡಸಾಗಿರಲಿ. ಒಬ್ಬರೇ ಕಲಿತ ಮನೆಯಲ್ಲಿ ಆ ಒಬ್ಬರಿಗೆ ಬಿಡುವು ಸಿಗುವುದಿಲ್ಲ. "ನಂಗೆ ಪೈಪು ಹಾಕಕ್ಕೆ ಬರಲ್ಲ" ಎಂಬ ಮಾತಿಗೆ ಆಮೇಲೆ ಉತ್ತರವಿರುವುದಿಲ್ಲ.

ಎರಡನೆಯದು ಕಾಗದ. ಡಿಸ್ಚಾರ್ಜ್ ಸಾರಾಂಶದಲ್ಲಿ "ಹಾಸಿಗೆಯಲ್ಲೇ ಇರಬೇಕು, ದಿನದ 24 ಗಂಟೆ ಇನ್ನೊಬ್ಬರ ನೆರವು ಬೇಕು, ಫಿಸಿಯೊಥೆರಪಿ ಬೇಕು" ಎಂದು ವೈದ್ಯರಿಂದ ಬರೆಸಿಕೊಳ್ಳಿ. ಅಂಗವಿಕಲತೆ ಪ್ರಮಾಣಪತ್ರ, ವಿಮೆ, ನ್ಯಾಯಮಂಡಳಿ ಎಲ್ಲ ಕಡೆ ಈ ಒಂದು ಸಾಲು ಉಪಯೋಗಕ್ಕೆ ಬರುತ್ತದೆ.

ಮೂರನೆಯದು ಯೋಜನೆಯ ಹಣ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಉಂಟು. ಎಪಿಎಲ್ ಆದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರ) ಶೇ 30, ವರ್ಷಕ್ಕೆ ₹1.5 ಲಕ್ಷದ ಮಿತಿ. ಆಯುಷ್ಮಾನ್ ಪ್ಯಾಕೇಜ್‌ನಲ್ಲಿ ಡಿಸ್ಚಾರ್ಜ್ ಆದ 15 ದಿನದವರೆಗಿನ ಔಷಧಿಯೂ ಸೇರಿದೆ, ಬಿಡುವ ಮುನ್ನ ಕೇಳಿ ಪಡೆಯಿರಿ. ಖಾಸಗಿ ವಿಮೆಯಿದ್ದರೆ ಡಿಸ್ಚಾರ್ಜ್ ನಂತರ ಎಷ್ಟು ದಿನದ ಖರ್ಚು ಕೊಡುತ್ತಾರೆಂದು ಪಾಲಿಸಿಯಲ್ಲಿ ನೋಡಿ. 60 ದಿನ ಇರುವ ಪಾಲಿಸಿಗಳು ಹಲವು. ಆ ಅವಧಿಯ ಔಷಧಿ, ಪರೀಕ್ಷೆಗಳ ಬಿಲ್ಲುಗಳನ್ನು ಎತ್ತಿಟ್ಟು ಒಟ್ಟಿಗೆ ಸಲ್ಲಿಸಿ. ಮನೆಯಲ್ಲಿ ನೋಡಿಕೊಳ್ಳುವವರ ಕೂಲಿಯನ್ನು ಮಾತ್ರ ಯೋಜನೆಯೂ ಕೊಡುವುದಿಲ್ಲ, ಸಾಮಾನ್ಯ ಪಾಲಿಸಿಗಳೂ ಕೊಡುವುದಿಲ್ಲ. ಉಳಿದದ್ದು ನೀವೇ ಹಂಚಿಕೊಳ್ಳಬೇಕಾದ ಲೆಕ್ಕ.

ಹದಿನಾಲ್ಕು ದಿನದ ಪುಸ್ತಕ

ಇನ್ನೂರು ಪುಟದ ಒಂದು ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ನು, ಮಂಚದ ತಲೆಯ ಹತ್ತಿರ. ಮೊಬೈಲಿನಲ್ಲಿ ಬರೆಯುತ್ತೇನೆಂದರೆ ಕೈ ಒದ್ದೆಯಿದ್ದಾಗ, ರಾತ್ರಿ ಎರಡಕ್ಕೆ ಎದ್ದಾಗ ಬರೆಯುವುದಾಗುವುದಿಲ್ಲ. ನಾಲ್ಕು ಕಾಲಂ ಸಾಕು: ಹೊತ್ತು, ಕೆಲಸ, ಎಷ್ಟು ನಿಮಿಷ, ಯಾರು. ಮಾಡಿದವರೇ, ಮಾಡಿದ ಕೂಡಲೇ ಬರೆಯಬೇಕು. ಸಂಜೆ ನೆನಪು ಮಾಡಿಕೊಂಡು ಬರೆದರೆ ಸಣ್ಣ ಕೆಲಸಗಳೆಲ್ಲ ಜಾರಿಹೋಗುತ್ತವೆ, ಹೊತ್ತು ನುಂಗುವವು ಅವೇ.

ಮೊದಲ ವಾರ ಎಲ್ಲ ಕೆಲಸವೂ ನಿಧಾನ, ಹಾಗಾಗಿ ಎರಡನೇ ವಾರದ ಸರಾಸರಿಯನ್ನು ಹಿಡಿಯಿರಿ. ಒಂದು ದಿನ ಹೆಚ್ಚುಕಡಿಮೆ ಹೀಗಿರುತ್ತದೆ:

ನಳಿಕೆಯಲ್ಲಿ ಊಟ, 6 ಸಲ, ಸಲಕ್ಕೆ 25 ನಿಮಿಷ: 150
ಮಗ್ಗುಲು ತಿರುಗಿಸುವುದು, 12 ಸಲ, ಸಲಕ್ಕೆ 5: 60
ಡೈಪರ್, 5 ಸಲ, ಸಲಕ್ಕೆ 15: 75
ಮೈ ಒರೆಸಿ ಹಾಸಿಗೆ ಬಟ್ಟೆ ಬದಲಿಸುವುದು: 50
ಬಾಯಿ ಶುಚಿ, 2 ಸಲ: 20
ಮಾತ್ರೆ ಅರೆದು ಕೊಡುವುದು, 4 ಸಲ: 40
ಕೈಕಾಲು ಆಡಿಸುವ ವ್ಯಾಯಾಮ, 2 ಸಲ: 60
ಬಟ್ಟೆ ಒಗೆತ: 45

ಒಟ್ಟು 500 ನಿಮಿಷ, ಅಂದರೆ 8 ಗಂಟೆ 20 ನಿಮಿಷ. ತಿಂಗಳಿಗೆ 250 ಗಂಟೆ. ದಿನಕ್ಕೆ 8 ಗಂಟೆಯಂತೆ 26 ದಿನ ದುಡಿಯುವ ನೌಕರಿಗೆ 208 ಗಂಟೆ. ಇಲ್ಲಿ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ, ಮನೆಯ ಅಡುಗೆ ಬೇರೆಯೇ ಉಳಿದಿದೆ.

"ಇಪ್ಪತ್ತೈದು ನಿಮಿಷ ಬೇಕಾ ಒಂದು ಲೋಟ ಗಂಜಿ ಕೊಡೋಕೆ?" ಎಂದು ಕೇಳುವವರು ಇರುತ್ತಾರೆ. ಬೇಕು. ಗಂಜಿಯನ್ನು ಅಗಳಿಲ್ಲದಂತೆ ಸೋಸಬೇಕು, ಇಲ್ಲದಿದ್ದರೆ ನಳಿಕೆ ಕಟ್ಟುತ್ತದೆ. ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರಿಸಬೇಕು. ಮೂಗಿನ ಹತ್ತಿರ ನಳಿಕೆಗೆ ಹಾಕಿದ ಗುರುತು ಇದ್ದಲ್ಲೇ ಇದೆಯೇ ನೋಡಬೇಕು. ಸರಿದಿದ್ದರೆ ಏನನ್ನೂ ಹಾಕಬಾರದು, ನರ್ಸನ್ನು ಕರೆಸಬೇಕು. ಸಿರಿಂಜಿನಿಂದ 30 ಮಿ.ಲೀ. ನೀರು, ಆಮೇಲೆ 200 ಮಿ.ಲೀ. ಗಂಜಿ ತಾನಾಗಿ ಇಳಿಯುವ ವೇಗದಲ್ಲಿ, ಒತ್ತದೆ, ಮತ್ತೆ 30 ಮಿ.ಲೀ. ನೀರು. ನಂತರ ಅರ್ಧ ಗಂಟೆಯಾದರೂ ತಲೆ ಇಳಿಸುವಂತಿಲ್ಲ. ಅವಸರ ಮಾಡಿದರೆ ಗಂಜಿ ಹೊಟ್ಟೆಯಿಂದ ಮೇಲೆ ಬಂದು ಶ್ವಾಸಕೋಶ ಸೇರಿ ನ್ಯುಮೋನಿಯಾ ಆಗುತ್ತದೆ, ಮತ್ತೆ ಆಸ್ಪತ್ರೆ.

ಮಗ್ಗುಲು ತಿರುಗಿಸುವುದೂ ಅಷ್ಟೇ. ಎರಡು ಗಂಟೆಗೊಮ್ಮೆ ಎಂದರೆ ದಿನಕ್ಕೆ ಹನ್ನೆರಡು ಸಲ, ಅದರಲ್ಲಿ ಮೂರು ನಾಲ್ಕು ನಿದ್ದೆಯ ಹೊತ್ತಿನಲ್ಲಿ. ಏರ್ ಬೆಡ್ ತಂದೆವು, ಇನ್ನು ತಿರುಗಿಸಬೇಕಿಲ್ಲ ಎನ್ನುವುದು ತಪ್ಪು. ಏರ್ ಬೆಡ್ ಒತ್ತಡವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಬಾಲಮೂಳೆ, ಸೊಂಟದ ಪಕ್ಕ, ಹಿಮ್ಮಡಿಗಳನ್ನು ದಿನಾ ನೋಡಿ. ಬೆರಳಿನಿಂದ ಒತ್ತಿ ಬಿಟ್ಟಾಗ ಬಣ್ಣ ತಿಳಿಯಾಗದ ಕೆಂಪು, ಕಪ್ಪು ಚರ್ಮದವರಲ್ಲಿ ಸುತ್ತಲಿಗಿಂತ ಕಪ್ಪಾಗಿ, ಬಿಸಿಯಾಗಿ, ಗಟ್ಟಿಯಾಗಿ ಕಾಣುವ ಜಾಗ ಒತ್ತುಹುಣ್ಣಿನ ಮೊದಲ ಗುರುತು. ರಾತ್ರಿ ಎರಡು ಗಂಟೆಗೆ ಎದ್ದು ಅಮ್ಮನ ಬೆನ್ನಿಗೆ ದಿಂಬು ಕೊಡುವ ಐದು ನಿಮಿಷ ತಪ್ಪಿದಷ್ಟೂ ಹುಣ್ಣು ಆಳಕ್ಕಿಳಿಯುತ್ತದೆ. ಆಮೇಲೆ ತಿಂಗಳುಗಟ್ಟಲೆ ಡ್ರೆಸಿಂಗ್.

ಇದಲ್ಲದೆ ಕಾವಲಿನ ಹೊತ್ತು. ಎರಡು ಗಂಟೆಗೊಮ್ಮೆ ಕೆಲಸವಿರುವವರಿಗೆ ನಡುವಿನ ಹೊತ್ತು ಬಿಡುವಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ನಿಲ್ಲಲೂ ಆಗದು. ಪುಸ್ತಕದಲ್ಲಿ ಪುಟದ ಕೆಳಗೆ ಬೇರೆಯಾಗಿ "ಕಾವಲು: ಯಾರು, ಎಷ್ಟರಿಂದ ಎಷ್ಟರವರೆಗೆ" ಎಂದು ಬರೆಯಿರಿ. ಮರೆವಿನ ಕಾಯಿಲೆಯವರ ಮನೆಯಲ್ಲಿ ಲೆಕ್ಕವೇ ತಿರುವುಮುರುವು. ಕೈಕೆಲಸ ಎರಡು ಗಂಟೆಯಿರಬಹುದು, ಕಾವಲು ಹದಿನಾರು ಗಂಟೆ. ನಿಮಿಷದ ಕಾಲಂ ಒಂದನ್ನೇ ನೋಡಿದರೆ ಅಂಥ ಮನೆಯಲ್ಲಿ ಭಾರವೇ ಇಲ್ಲವೆಂದು ಕಾಣುತ್ತದೆ. ಡಯಾಲಿಸಿಸ್ ಆದರೆ ಓಡಾಟ ಮತ್ತು ಕಾಯುವ ಹೊತ್ತನ್ನು ಬರೆಯಿರಿ. ವಾರಕ್ಕೆ ಎರಡು ಮೂರು ದಿನ ಒಬ್ಬರ ಕೂಲಿ ಹೋಗುವುದು ಅಲ್ಲೇ.

ಬೆಲೆ ಕಟ್ಟುವುದು

ಮನೆಯವರ ಆರೈಕೆಗೆ ಬೆಲೆ ಕಟ್ಟುವುದೆಂದರೆ ಪ್ರೀತಿಯನ್ನು ಮಾರಿದ ಹಾಗೆ ಎಂದು ಕೆಲವರು ನೊಂದುಕೊಳ್ಳುತ್ತಾರೆ. ಬೆಲೆ ಕಟ್ಟುವುದು ಅಮ್ಮನಿಗಲ್ಲ, ಸೊಸೆ ಕಳೆದುಕೊಂಡ ನಿದ್ದೆಗೆ, ಬಿಟ್ಟ ಹೊಲಿಗೆ ಕೆಲಸಕ್ಕೆ. ನ್ಯಾಯಾಲಯಗಳು ಇದನ್ನು ಯಾವತ್ತೋ ಒಪ್ಪಿವೆ. ರಸ್ತೆ ಅಪಘಾತದಲ್ಲಿ ಹಾಸಿಗೆ ಹಿಡಿದ ಬಾಲಕಿಯೊಬ್ಬಳ ಪ್ರಕರಣದಲ್ಲಿ (ಕಾಜಲ್ ವಿರುದ್ಧ ಜಗದೀಶ್ ಚಂದ್, 2020) ಸುಪ್ರೀಂ ಕೋರ್ಟ್ ಇಬ್ಬರು ಸಹಾಯಕರಿಗೆ ತಲಾ ₹5,000ದಂತೆ ತಿಂಗಳಿಗೆ ₹10,000, ವರ್ಷಕ್ಕೆ ₹1.2 ಲಕ್ಷ ಹಿಡಿದು, ಅದನ್ನು 18ರ ಗುಣಕದಿಂದ (ವಯಸ್ಸಿಗೆ ತಕ್ಕಂತೆ ನ್ಯಾಯಾಲಯ ಹಿಡಿಯುವ ವರ್ಷಗಳ ಸಂಖ್ಯೆ) ಗುಣಿಸಿ ₹21.6 ಲಕ್ಷ ಕೊಡಿಸಿತು. ನಿಮ್ಮದೂ ಅಪಘಾತದ ಪ್ರಕರಣವಾದರೆ ಈ ಪುಸ್ತಕದ ಪ್ರತಿಯನ್ನು ವಕೀಲರಿಗೆ ಕೊಡಿ, ಪರಿಹಾರದ ಅರ್ಜಿಯನ್ನು ಅಪಘಾತವಾದ 6 ತಿಂಗಳೊಳಗೆ ಹಾಕಿ.

ಬೆಲೆ ಕಟ್ಟಲು ಎರಡು ದಾರಿ. ಈ ಕೆಲಸಕ್ಕೆ ಹೊರಗಿನವರನ್ನಿಟ್ಟರೆ ಎಷ್ಟು ಕೊಡಬೇಕಿತ್ತು ಎನ್ನುವುದು ಒಂದು. ಮಾಡುವವರು ತಮ್ಮ ದುಡಿಮೆ ಬಿಟ್ಟು ಎಷ್ಟು ಕಳೆದುಕೊಂಡರು ಎನ್ನುವುದು ಇನ್ನೊಂದು. ಎರಡನೆಯದನ್ನು ಹಿಡಿದರೆ ಸಾಫ್ಟ್‌ವೇರ್ ಮಗನ ಒಂದು ಗಂಟೆ ಬಂಗಾರವಾಗಿ, ಮನೆಯಲ್ಲಿರುವ ಸೊಸೆಯ ಗಂಟೆ ಸೊನ್ನೆಯಾಗುತ್ತದೆ. ಹಂಚಿಕೆಗೆ ಮೊದಲನೆಯದನ್ನೇ ಬಳಸಿ. ನಿಮ್ಮೂರಿನ ಎರಡು ಹೋಮ್ ನರ್ಸಿಂಗ್ ಬ್ಯೂರೋಗಳಿಗೆ ಫೋನ್ ಮಾಡಿ 12 ಗಂಟೆಯ ಪಾಳಿಗೆ ದರ ಕೇಳಿ, ಕಡಿಮೆಯದನ್ನು ಹಿಡಿಯಿರಿ. ಕಡಿಮೆಯದನ್ನು ಹಿಡಿದರೆ ಯಾರೂ ತಕರಾರು ಮಾಡಲಾರರು.

₹900 ಎಂದರು ಎಂದಿಟ್ಟುಕೊಳ್ಳಿ. ಗಂಟೆಗೆ ₹75. 250 ಗಂಟೆಗೆ ₹18,750. ರಾತ್ರಿ ಕಾವಲಿಗೆ ಒಂದು ರಾತ್ರಿಗೆ ₹200 ಎಂದು ಒಪ್ಪಿಕೊಂಡರೆ ₹6,000. ಆರೈಕೆಯ ಬೆಲೆ ತಿಂಗಳಿಗೆ ₹24,750, ದಿನಕ್ಕೆ ₹825.

ಕೈಯಿಂದ ಹೋಗುವ ಹಣ: ಡೈಪರ್ 150ಕ್ಕೆ ತಲಾ ₹35ರಂತೆ 5,250, ಔಷಧಿ 3,200, ಆಹಾರದ ಪುಡಿ 2,400, ಫಿಸಿಯೊಥೆರಪಿ 8 ಸಲಕ್ಕೆ 4,000, ನಳಿಕೆ, ಗ್ಲೌಸು, ಸಿರಿಂಜು 1,150. ಒಟ್ಟು ₹16,000.

ಹಂಚುವುದು

ಎರಡೂ ಕೂಡಿಸಿದರೆ ₹40,750. ಅಮ್ಮನ ಪಿಂಚಣಿ ₹7,750 ಬರುತ್ತದೆಂದರೆ ಅದನ್ನು ಮೊದಲು ಕಳೆಯಿರಿ. ಉಳಿದ ₹33,000 ಮೂವರಿಗೆ ತಲಾ ₹11,000.

ಅಮ್ಮ ದೊಡ್ಡ ಮಗನ ಮನೆಯಲ್ಲಿದ್ದಾರೆ, ಆರೈಕೆ ದೊಡ್ಡ ಸೊಸೆಯದು. ಆ ಮನೆ ₹24,750ರ ದುಡಿಮೆಯನ್ನು ಆಗಲೇ ಹಾಕಿದೆ, ಅದರ ಪಾಲು ₹11,000. ಹಾಗಾಗಿ ಅದಕ್ಕೆ ₹13,750 ಸಲ್ಲಬೇಕು. ತಮ್ಮ, ತಂಗಿ ತಲಾ ₹11,000 ಹಾಕುತ್ತಾರೆ. ಪಿಂಚಣಿ ಸೇರಿ ₹29,750. ಅದರಲ್ಲಿ ₹16,000 ಸಾಮಾನಿಗೆ, ₹13,750 ಸೊಸೆಗೆ.

ಈಗ ಬಹಳ ಮನೆಗಳಲ್ಲಿ ನಡೆಯುವ ಹಂಚಿಕೆ ನೋಡಿ. ₹16,000ದಲ್ಲಿ ಪಿಂಚಣಿ ಕಳೆದು ₹8,250, ತಲಾ ₹2,750. ಮೂವರೂ ಸಮ ಎನ್ನುತ್ತಾರೆ. ದೊಡ್ಡ ಮಗನ ಮನೆ ₹2,750 ಕೊಟ್ಟು, ಮೇಲೆ 250 ಗಂಟೆ ಮತ್ತು ಮೂವತ್ತು ರಾತ್ರಿ ಕೊಡುತ್ತದೆ. ಈ ಎರಡು ಲೆಕ್ಕವನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ಎಲ್ಲರ ಮುಂದಿಡಿ. ವಾದಿಸುವ ಅಗತ್ಯ ಬಹುಪಾಲು ಬೀಳುವುದಿಲ್ಲ.

ಮಾತುಕತೆಯಲ್ಲಿ ಈ ಕೆಲವು ವಿಷಯ ಬಿಡಬೇಡಿ. ಹಣ ಸೊಸೆಯ ಸ್ವಂತ ಖಾತೆಗೆ ಹೋಗಬೇಕು, ಗಂಡನ ಖಾತೆಗಲ್ಲ. ಆಕೆ ಆ ಮಾತುಕತೆಯಲ್ಲಿ ಕೂತಿರಬೇಕು. ಕಾಫಿ ಮಾಡಲು ಒಳಗೆ ಕಳಿಸಿ ಹೊರಗೆ ತೀರ್ಮಾನ ಮಾಡಬಾರದು. ಹಣವಿಲ್ಲದವರು ಹೊತ್ತು ಕೊಡಬಹುದು: ತಂಗಿ ತಿಂಗಳಿಗೆ ಐದು ದಿನ ಬಂದು ಪೂರ್ತಿ ನೋಡಿಕೊಂಡರೆ ₹825ರಂತೆ ₹4,125 ಆಕೆಯ ಪಾಲಿನಲ್ಲಿ ಕಳೆಯುತ್ತದೆ, ಅಷ್ಟೇ ಸೊಸೆಗೆ ಬರುವುದರಲ್ಲೂ ಕಡಿಮೆಯಾಗುತ್ತದೆ. ಬಂದು ಅಮ್ಮನ ಪಕ್ಕ ಕೂತು ಮಾತಾಡಿಸಿ ಹೋಗುವುದು ಇದರಲ್ಲಿ ಬರುವುದಿಲ್ಲ, ರಾತ್ರಿಯೂ ಸೇರಿದ ಪೂರ್ತಿ ದಿನವಾಗಬೇಕು. ಆದಾಯದಲ್ಲಿ ಬಹಳ ಅಂತರವಿದ್ದರೆ ತಲಾ ಸಮ ಬೇಡ, ಸಂಬಳದ ಅನುಪಾತದಲ್ಲಿ ಹಂಚಿ. ಮೂರು ತಿಂಗಳಿಗೊಮ್ಮೆ ಮರುಲೆಕ್ಕ: ನಳಿಕೆ ತೆಗೆದರೆ ಗಂಟೆ ಇಳಿಯುತ್ತದೆ, ಹುಣ್ಣಾದರೆ ಏರುತ್ತದೆ.

"ಅತ್ತಿಗೆ ಹೇಗೂ ಮನೇಲೇ ಇರ್ತಾರಲ್ಲ" ಎಂಬ ಮಾತು ಖಂಡಿತ ಬರುತ್ತದೆ. ಅದಕ್ಕೆ ಪುಸ್ತಕದ ಒಂದು ದಿನದ ಪುಟವನ್ನು ತೆರೆದು ಓದಿ ಸಾಕು.

ಕೆಲಸ ಬಿಡುವ ಮುನ್ನ

ಯಾರಾದರೊಬ್ಬರು ನೌಕರಿ ಬಿಡಬೇಕಾದರೆ ರಾಜೀನಾಮೆ ಪತ್ರಕ್ಕೆ ಮುಂಚೆ ಸೇವಾವಧಿ ಎಣಿಸಿ. ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು) ಸಾಮಾನ್ಯವಾಗಿ 5 ವರ್ಷ, ನೌಕರರ ಪಿಂಚಣಿ ಯೋಜನೆಯ ತಿಂಗಳ ಪಿಂಚಣಿಗೆ 10 ವರ್ಷ ಬೇಕು. ಎಂಟೊಂಬತ್ತನೇ ವರ್ಷದಲ್ಲಿ ಬಿಡುವವರು ತಿಂಗಳ ಸಂಬಳದ ಜತೆ ಮುದಿವಯಸ್ಸಿನ ಪಿಂಚಣಿಯನ್ನೂ ಬಿಟ್ಟುಬರುತ್ತಾರೆ. ಮೊದಲು ಸಂಬಳರಹಿತ ರಜೆ ಕೇಳಿ. ಬಿಡಲೇಬೇಕಾದರೆ ಕಂಪನಿಯ ಗುಂಪು ವಿಮೆಯೂ ಹೋಗುತ್ತದೆ. ಅವರದೇ ಹೆಸರಿನ ಆರೋಗ್ಯ ವಿಮೆಯ ಕಂತನ್ನು ಮೇಲಿನ ₹40,750ರ ಲೆಕ್ಕಕ್ಕೆ ಸೇರಿಸಿ.

ನೋಡಿಕೊಳ್ಳುವವರ ಬೆನ್ನು ಇನ್ನೊಂದು ಖರ್ಚು. ತಗ್ಗಿನ ಮಂಚದ ಮೇಲೆ ಬಗ್ಗಿ ದಿನಕ್ಕೆ ಹನ್ನೆರಡು ಸಲ ಎಳೆದರೆ ಬೆನ್ನು ಉಳಿಯುವುದಿಲ್ಲ. ಮಂಚದ ಕಾಲುಗಳ ಕೆಳಗೆ ಕುಳಿ ತೋಡಿದ ಮರದ ದಿಮ್ಮಿ ಇಟ್ಟು ಹಾಸಿಗೆಯನ್ನು ಸೊಂಟದ ಮಟ್ಟಕ್ಕೆ ತನ್ನಿ, ಬೀಳದಂತೆ ಪಕ್ಕಕ್ಕೆ ತಡೆ ಕಟ್ಟಿ. ಹೆಗಲಿನಿಂದ ತೊಡೆಯವರೆಗೆ ಮಡಚಿದ ದಪ್ಪ ಬೆಡ್‌ಶೀಟ್ ಅಡಿಯಲ್ಲಿ ಹಾಸಿ, ಇಬ್ಬರು ಎರಡು ಕಡೆ ಹಿಡಿದು ಸರಿಸಿ. ಕಂಕುಳಿಗೆ ಕೈ ಹಾಕಿ ಎಳೆಯಬೇಡಿ: ಲಕ್ವ ಹೊಡೆದ ಭುಜ ಸುಲಭವಾಗಿ ಜಾರುತ್ತದೆ.

ಹೊರಗಿಂದ ಬರಬಹುದಾದದ್ದು

ಅಂಗವಿಕಲತೆ ಪ್ರಮಾಣಪತ್ರವನ್ನು (ಯುಡಿಐಡಿ) ಮೊದಲು ಮಾಡಿಸಿ, ಉಳಿದ ಬಾಗಿಲುಗಳೆಲ್ಲ ಇದರಿಂದ ತೆರೆಯುತ್ತವೆ. ವೈಕಲ್ಯ ಶೇ 40 ಅಥವಾ ಹೆಚ್ಚಿದ್ದರೆ ಆದಾಯ ಮಿತಿಯೊಳಗಿನವರು ನಾಡಕಚೇರಿಯಲ್ಲಿ ಮಾಸಾಶನಕ್ಕೆ ಅರ್ಜಿ ಹಾಕಬಹುದು.

ತೆರಿಗೆ ಕಟ್ಟುವ ಮಕ್ಕಳಿಗೆ ತೆರಿಗೆ ಬೀಳುವ ಆದಾಯದಲ್ಲಿ 80ಡಿಡಿ ಎಂದು ಕರೆಯುತ್ತ ಬಂದ ಕಡಿತವಿದೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಅವಲಂಬಿತರಿಗೆ ಶೇ 40 ಅಥವಾ ಮೇಲಿನ ವೈಕಲ್ಯಕ್ಕೆ ₹75,000, ಶೇ 80 ಅಥವಾ ಮೇಲಾದರೆ ₹1,25,000. ಶೇ 30ರ ಹಂತದಲ್ಲಿರುವವರಿಗೆ ₹1,25,000ದಿಂದ ಸೆಸ್ ಸೇರಿ ₹39,000 ಉಳಿಯುತ್ತದೆ. ಈ ಲಾಭ ಸಿಗುವುದು ಹಣ ಹಾಕಿದವರಿಗೆ. ಗಂಟೆ ಹಾಕಿದವರಿಗೆ ಅಂಥದ್ದೇನೂ ಇಲ್ಲ. ಹಾಗಾಗಿ ಉಳಿದ ₹39,000ವನ್ನು ತಿಂಗಳಿಗೆ ₹3,250ರಂತೆ ಎಲ್ಲರ ಹಣ ಸೇರುವ ಆರೈಕೆಯ ಖಾತೆಗೆ ಹಾಕುವುದೆಂದು ಮೊದಲೇ ಬರೆದುಕೊಳ್ಳಿ.

ಒಬ್ಬರು ಒಪ್ಪದಿದ್ದರೆ

2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅಮ್ಮನೇ ಹಾಕಬೇಕು, ಆಗದಿದ್ದರೆ ಅವರು ಒಪ್ಪಿದ ಇನ್ನೊಬ್ಬರು. ವಕೀಲರ ಅಗತ್ಯವಿಲ್ಲ. ನೋಟಿಸ್ ತಲುಪಿದ 90 ದಿನದಲ್ಲಿ ತೀರ್ಮಾನವಾಗಬೇಕೆಂದಿದೆ. ವೈದ್ಯಕೀಯ ಆರೈಕೆ "ಪೋಷಣೆ"ಯ ವ್ಯಾಖ್ಯಾನದಲ್ಲೇ ಇದೆ, ಆದ್ದರಿಂದ ಪುಸ್ತಕದ ಪ್ರತಿ, ಬಿಲ್ಲುಗಳು, ಡಿಸ್ಚಾರ್ಜ್ ಸಾರಾಂಶ ಜತೆಗಿಡಿ. ಆದರೆ ಗರಿಷ್ಠ ಆದೇಶ ತಿಂಗಳಿಗೆ ₹10,000. ನಮ್ಮ ಉದಾಹರಣೆಯ ಕಾಲು ಭಾಗವನ್ನೂ ಅದು ಮುಟ್ಟುವುದಿಲ್ಲ. ದಾರಿ ತಿಳಿಯಲು ಹಿರಿಯರ ಸಹಾಯವಾಣಿ 14567 ಇದೆ.

ಈ ಕಾಯ್ದೆಯಲ್ಲಿ "ಮಕ್ಕಳು" ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆ ಆ ಪಟ್ಟಿಯಲ್ಲಿಲ್ಲ. ಕಾನೂನಿನ ಹೊಣೆಯಿರುವುದು ಮಗನಿಗೂ ಮಗಳಿಗೂ, ಕೆಲಸ ಮಾಡುತ್ತಿರುವುದು ಹೊಣೆಯೇ ಇಲ್ಲದವಳು. ಅತ್ತೆಯ ಆಸ್ತಿಯಲ್ಲಿ ಅವಳಿಗೆ ತಾನಾಗಿ ಪಾಲೂ ಬರುವುದಿಲ್ಲ. ಅಮ್ಮನಿಗೆ ಮಾತು, ತಿಳಿವಳಿಕೆ ಸರಿಯಿದ್ದು ಏನಾದರೂ ಕೊಡುವ ಮನಸ್ಸಿದ್ದರೆ ಈಗಲೇ ಉಯಿಲು ಬರೆಸಿ. ಬದುಕಿರುವಾಗಲೇ ದಾನಪತ್ರ ಮಾಡುವುದಾದರೆ "ನೋಡಿಕೊಳ್ಳಬೇಕು" ಎಂಬ ಷರತ್ತು ಪತ್ರದಲ್ಲೇ ಅಕ್ಷರದಲ್ಲಿರಲಿ. ಆ ಷರತ್ತು ಮುರಿದರೆ ದಾನ ರದ್ದು ಮಾಡಿಸಲು ಇದೇ ಕಾಯ್ದೆಯ ಸೆಕ್ಷನ್ 23ರಲ್ಲಿ ಅವಕಾಶವಿದೆ.

ಕೊನೆಯ ತಿಂಗಳ ಲೆಕ್ಕ

ಅಮ್ಮ ತೀರಿಕೊಂಡ ದಿನ ಪುಸ್ತಕ ನಿಂತುಹೋಗುತ್ತದೆ, ಬಾಕಿ ಹಾಗೇ ಉಳಿಯುತ್ತದೆ. ಬಾಡಿಗೆಯ ಏರ್ ಬೆಡ್, ಆಕ್ಸಿಜನ್ ಯಂತ್ರ ವಾಪಸು ಕೊಟ್ಟು ಠೇವಣಿ ತನ್ನಿ, ಒಡೆಯದ ಡೈಪರ್ ಕಟ್ಟುಗಳನ್ನು ಬೇಕಾದವರಿಗೆ ಕೊಡಿ. ಪಿಂಚಣಿ ಬರುತ್ತಿದ್ದ ಬ್ಯಾಂಕಿಗೆ, ಮಾಸಾಶನವಿದ್ದರೆ ನಾಡಕಚೇರಿಗೆ ತಿಳಿಸಿ. ಆಮೇಲೆ ಜಮೆಯಾದ ಹಣವನ್ನು ಹಿಂದಕ್ಕೆ ಕೇಳುತ್ತಾರೆ. ಕೊನೆಯ ದಿನಗಳಲ್ಲಿ ಎಲ್ಲರೂ ಬಂದು ಸೇರಿರುತ್ತಾರೆ, ಕೆಲಸ ಹೆಚ್ಚಿರುತ್ತದೆ, ಬರೆಯುವವರು ಇರುವುದಿಲ್ಲ. ಆ ದಿನಗಳಿಗೆ ಹಿಂದಿನ ತಿಂಗಳ ಸರಾಸರಿಯನ್ನೇ ಹಿಡಿಯಿರಿ. ವೈಕುಂಠ ಸಮಾರಾಧನೆಯ ಖರ್ಚನ್ನು ಮಕ್ಕಳು ಹಂಚಿಕೊಳ್ಳಲು ಕೂರುತ್ತಾರಲ್ಲ, ಅದಕ್ಕೂ ಮೊದಲು ಸೊಸೆಗೆ ಸಲ್ಲಬೇಕಾದ ಬಾಕಿ ಅವಳ ಖಾತೆಗೆ ಹೋಗಿರಲಿ.